ಬಿಚ್ಚಿಬಂದ ನಟ್ಟಿಗೂ ಕೂಲಿ ಕೊಡಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹಳೆಯ ಜಾವಾ, ಯೆಜ್ಡಿ, ಚೇತಕ್, ಫಿಯಟ್, ಅಂಬಾಸಿಡರ್‌ಗಳನ್ನು ಉಳಿಸಿಕೊಂಡಿರುವ ಎಲ್ಲರಿಗೆ,



ಆಯುಧಪೂಜೆ ಹತ್ತಿರ ಬಂದರೆ ಈ ಮೂರೂ ಬಡಾವಣೆಗಳ ಅಡ್ಡರಸ್ತೆ ಗ್ಯಾರೇಜುಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಮಳೆಗಾಲವೆಲ್ಲ ಕಾಂಪೌಂಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಗಾಡಿಗಳು ಒಂದೊಂದಾಗಿ ಹೊರಬರುತ್ತವೆ. ತಾತ ಓಡಿಸುತ್ತಿದ್ದ ಫಿಯಟ್, ಅಪ್ಪ ಮದುವೆಯ ವರ್ಷ ಕೊಂಡ ಚೇತಕ್, ಕಾಲೇಜು ದಿನಗಳ ಯೆಜ್ಡಿ. "ಸೈಲೆನ್ಸರ್ ಕಟ್ಟಿಕೊಂಡಿದೆ, ಸಂಜೆಯೊಳಗೆ ಬೇಕು" ಎನ್ನುತ್ತಾರೆ ಒಡೆಯರು. ಮೆಕ್ಯಾನಿಕ್ ಕೆಳಗೆ ಕೂತು ಟಾರ್ಚ್ ಬಿಟ್ಟು ನೋಡಿ, "ನಟ್ಟು ಜಾಮ್ ಆಗಿದೆ ಸಾರ್, ಎರಡು ದಿನ ಬಿಟ್ಟುಹೋಗಿ" ಎನ್ನುತ್ತಾರೆ. "ಒಂದು ನಟ್ಟಿಗೆ ಎರಡು ದಿನವಾ?" ಎಂಬ ಪ್ರಶ್ನೆ ಆಗ ಹುಟ್ಟುತ್ತದೆ.

ಹೌದು, ಎರಡು ದಿನ. ಕೆಲವೊಮ್ಮೆ ಮೂರು. ಯಾಕೆ ಅಷ್ಟು ಹಿಡಿಯುತ್ತದೆ, ಆ ದಿನಗಳಿಗೆ ಯಾಕೆ ದುಡ್ಡು ಕೊಡಬೇಕು ಎಂದು ಹೇಳುವುದಕ್ಕೇ ಈ ಪತ್ರ.

ಹೊಸ ನಟ್ಟು ಬೋಲ್ಟಿನ ಮೇಲೆ ಬೆರಳಲ್ಲೇ ತಿರುಗುತ್ತದೆ. ಎರಡರ ಥ್ರೆಡ್ಡುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಬಿಟ್ಟೇ ಮಾಡಿರುತ್ತಾರೆ. ನೀರು ಹೋಗಿ ಸೇರುವುದು ಆ ಸಂದಿಗೇ. ಕಬ್ಬಿಣ ತುಕ್ಕಾದರೆ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಥ್ರೆಡ್ಡಿನೊಳಗೆ ಅಷ್ಟು ಜಾಗ ಎಲ್ಲಿದೆ? ತುಕ್ಕು ಸಂದನ್ನು ತುಂಬಿ ಎರಡೂ ಕಡೆ ಒತ್ತಿ ಕೂರುತ್ತದೆ. ಎಗ್ಸಾಸ್ಟ್ ಪಕ್ಕದ ನಟ್ಟಿಗೆ ಇದರ ಜೊತೆಗೆ ದಿನವೂ ಕಾದು ಆರುವ ಕಷ್ಟ ಬೇರೆ. ಟೂ ಸ್ಟ್ರೋಕ್ ಎಂಜಿನ್ ಆದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಅರೆಬರೆ ಸುಟ್ಟು ಕರಿ ಅಂಟಾಗಿ ಥ್ರೆಡ್ಡಿಗಿಳಿದು ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕೂತ ಉಕ್ಕಿನ ಸ್ಟಡ್ಡಿನ, ಅಂದರೆ ತಲೆಯಿಲ್ಲದ ಬೋಲ್ಟಿನ, ಪಾಡು ಇನ್ನೊಂದು ಬಗೆ. ಎರಡು ಬೇರೆ ಲೋಹಗಳ ನಡುವೆ ತೇವ ನಿಂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಸ್ಟಡ್ಡನ್ನು ಕಚ್ಚಿಕೊಳ್ಳುತ್ತದೆ. ಪೂಜೆಗೆಂದು ಜೆಟ್ ಪೈಪಿನಲ್ಲಿ ಎಂಜಿನ್ ತೊಳೆಸಿ, ಸ್ಟಾರ್ಟ್ ಮಾಡಿ ಒಣಗಿಸದೆ ಹಾಗೇ ಕುಂಕುಮ ಹಚ್ಚಿ ನಿಲ್ಲಿಸಿದ ಗಾಡಿಗಳಲ್ಲಿ ಇವೆಲ್ಲವೂ ಬೇಗ ನಡೆಯುತ್ತವೆ. ತೊಳೆಸಬೇಡಿ ಎಂದಲ್ಲ. ತೊಳೆಸಿದ ಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಆಮೇಲೆ ಆರತಿ ಎತ್ತಿ.

ಇಂಥ ನಟ್ಟಿಗೆ ಬಲ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. 8 ಮಿಲಿಮೀಟರ್ ದಪ್ಪದ, 8.8 ದರ್ಜೆಯ ಸಾಮಾನ್ಯ ಬೋಲ್ಟನ್ನು ಬಿಗಿಯಬೇಕಾದದ್ದು ಸುಮಾರು 25 ನ್ಯೂಟನ್ ಮೀಟರ್ ಬಲದಲ್ಲಿ. ಒಂದಡಿ ಉದ್ದದ ಸ್ಪ್ಯಾನರ್ ಹಿಡಿದು 20 ಕಿಲೋ ಭಾರದಷ್ಟು ಎಳೆದರೆ ಅದಕ್ಕೆ ಬೀಳುವುದು 60 ನ್ಯೂಟನ್ ಮೀಟರ್. ಗಟ್ಟಿಮುಟ್ಟಾದ ಯಾರೇ ಆದರೂ ಅಷ್ಟು ಎಳೆಯಬಲ್ಲರು. ಅದಕ್ಕೆ ಮೂರಡಿ ಪೈಪು ಸಿಕ್ಕಿಸಿದರೆ ಮೂರರಷ್ಟು. ನಟ್ಟು ಬಿಡದಿದ್ದರೆ ಆ ಬಲವೆಲ್ಲ ಸ್ಟಡ್ಡಿನ ಕುತ್ತಿಗೆಗೆ ಹೋಗುತ್ತದೆ. ಮುರಿಯುವ ಮುನ್ನ ಸ್ಪ್ಯಾನರ್ ತುಸು ಮೆತ್ತಗಾದಂತೆ ಕೈಗೆ ಗೊತ್ತಾಗುತ್ತದೆ. ಹೊಸಬರು ನಟ್ಟು ಬಿಡುತ್ತಿದೆ ಎಂದುಕೊಂಡು ಇನ್ನಷ್ಟು ಎಳೆಯುತ್ತಾರೆ. ಪಳಗಿದ ಕೈ ಅಲ್ಲೇ ನಿಲ್ಲುತ್ತದೆ, ಕಾಲು ಸುತ್ತು ಮತ್ತೆ ಬಿಗಿಯುತ್ತದೆ, ಎಣ್ಣೆ ಬಿಡುತ್ತದೆ, ಮತ್ತೆ ಸಡಿಲಿಸುತ್ತದೆ. ಮುಂದೆ ಅರ್ಧ, ಹಿಂದೆ ಕಾಲು. ಹೀಗೆ ಆಡಿಸುತ್ತ ಆಡಿಸುತ್ತ ತುಕ್ಕು ಪುಡಿಯಾಗಿ ಹೊರಬರಬೇಕು. ಕಿರ್ ಎಂಬ ಸದ್ದು ಬಂದರೆ ಅರ್ಧ ಗೆದ್ದಂತೆ.

ಈ ಊರಿನ ಮಟ್ಟಿಗೆ ಜಾವಾ, ಯೆಜ್ಡಿಗಳ ಕತೆಯನ್ನೇ ದೊಡ್ಡದಾಗಿ ಹೇಳಬೇಕು, ಏಕೆಂದರೆ ಅವು ಹುಟ್ಟಿದ್ದು ಇಲ್ಲೇ ಹತ್ತಿರ. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಮೈಸೂರಿನಲ್ಲಿ ಉದ್ಘಾಟಿಸಿದವರು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್. ಆ ಬೈಕುಗಳ ಬಿಡಿಭಾಗಕ್ಕೆ ಬೆಂಗಳೂರಿನವರು ಇಂದಿಗೂ ಓಡುವ ಜೆ.ಸಿ. ರಸ್ತೆಗೂ ಅವರದೇ ಹೆಸರು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ನಿಂತಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್, ಲಿಕ್ವಿಡ್ ಕೂಲ್ಡ್ ಎಂಜಿನ್ನಿನ ಬೇರೆಯೇ ಗಾಡಿಗಳು. ಅವುಗಳ ಒಂದು ಸ್ಟಡ್ಡೂ ಹಳೆಯದಕ್ಕೆ ಕೂರುವುದಿಲ್ಲ. ಮೈಸೂರಿನ ಹಳೆಯ ಎರಕದ ಸಿಲಿಂಡರ್ ಹಾಳಾದರೆ ಇನ್ನೊಂದು ಹಳೆಯ ಗಾಡಿಯಿಂದಲೇ ತೆಗೆದು ತರಬೇಕು. ಗುಜರಿಯಲ್ಲಿ ಸಿಗುವುದರ ಥ್ರೆಡ್ಡೂ ಇದೇ ಸ್ಥಿತಿಯಲ್ಲಿರುತ್ತದೆ.

ಈ ಹಳೆಯ ಜಾವಾ, ಯೆಜ್ಡಿಗಳಲ್ಲಿ ಹೆಚ್ಚಿನವಕ್ಕೆ ಇರುವುದು ಒಂದೇ ಸಿಲಿಂಡರ್, ಎಗ್ಸಾಸ್ಟ್ ಪೈಪು ಎರಡು. ಪ್ರತಿ ಪೈಪನ್ನೂ ಸಿಲಿಂಡರಿನ ಬಾಯಿಗೆ ಹಿಡಿದಿಡುವುದು ಉಂಗುರದಂಥ ದೊಡ್ಡ ಕಾಲರ್ ನಟ್ಟು. ಇದಕ್ಕೆ ಆರು ಮೂಲೆಯಿಲ್ಲ, ಸುತ್ತ ಹಲ್ಲುಗಳಿವೆ. ಬಿಚ್ಚಲು ಬೇಕಾದದ್ದು ಕೊಕ್ಕೆಯಾಕಾರದ ಸಿ ಸ್ಪ್ಯಾನರ್. ಆ ಸ್ಪ್ಯಾನರ್ ಇಲ್ಲದ ಕಡೆ ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಈ ಊರಿನಲ್ಲಿ ಎಷ್ಟೋ ಯೆಜ್ಡಿಗಳ ಕಾಲರ್ ನೋಡಿದರೆ ಹಲ್ಲಿನ ಮೇಲೆ ಚಾಣದ ಗಾಯ ಕಾಣುತ್ತದೆ, ಒಂದೆರಡು ಹಲ್ಲು ಹಾರಿಯೇ ಹೋಗಿರುತ್ತವೆ. ಹೊಡೆತ ಬೀಳುವುದು ಒಂದೇ ಬದಿಗೆ. ಹಾಗಾಗಿ ನಟ್ಟು ತಿರುಗುವ ಬದಲು ಓರೆಯಾಗಿ ಕಚ್ಚುತ್ತದೆ, ಸಿಲಿಂಡರಿನ ಬಾಯಿಯ ಥ್ರೆಡ್ಡು ಹರಿದುಹೋಗುತ್ತದೆ. ಆಮೇಲೆ ಎಷ್ಟು ಬಿಗಿದರೂ ಹೊಗೆ ಸೋರುತ್ತದೆ, ಪೈಪು ಅಲ್ಲಾಡುತ್ತದೆ, ಎಲ್ಲರೂ ಇಷ್ಟಪಡುವ ಆ ಡುಗುಡುಗು ಸದ್ದು ಒಡೆದು ಕೇಳುತ್ತದೆ.

ಸರಿಯಾದ ದಾರಿ ನಿಧಾನದ್ದು. ಮೊದಲ ದಿನ ತಂತಿಯ ಬ್ರಷ್ಷಿನಲ್ಲಿ ಸಂದಿನ ಕರಿ ಕೆರೆದು, ಎಣ್ಣೆ ಬಿಟ್ಟು, ಕಾಲರಿನ ಸುತ್ತ ಹಿತ್ತಾಳೆ ತುಂಡಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಬೇಕು. ಹೊಡೆಯುವುದಲ್ಲ, ತಟ್ಟುವುದು. ಆ ಅದುರಿಗೆ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ರಾತ್ರಿಯೆಲ್ಲ ಬಿಡಬೇಕು. ಮರುದಿನ ಮತ್ತೆ ಎಣ್ಣೆ, ಮತ್ತೆ ತಟ್ಟು, ಆಮೇಲೆ ಸಿ ಸ್ಪ್ಯಾನರ್. ಎಣ್ಣೆ ಯಾವುದು ಎಂಬ ಬಗ್ಗೆ ಗ್ಯಾರೇಜಿಗೊಂದು ಅಭಿಪ್ರಾಯವಿದೆ. ಕೆಲವರು ಡೀಸೆಲ್, ಕೆಲವರು ಬ್ರೇಕ್ ಆಯಿಲ್, ಇನ್ನು ಕೆಲವರು ಗೇರ್ ಬಾಕ್ಸಿನ ಎಟಿಎಫ್ ಮತ್ತು ಅಸಿಟೋನ್ ಸಮಸಮ ಬೆರೆಸಿದ್ದು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಟ್ಯಾಂಕಿನ ಹತ್ತಿರ ಬೇಡ. ಅಸಿಟೋನ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಡಬ್ಬಿ 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು ತೇವ ಓಡಿಸಿ ತುಕ್ಕು ಬರದಂತೆ ತಡೆಯಲು. ಬಂದು ಕೂತ ತುಕ್ಕಿನೊಳಗೆ ಇಳಿಯಲು ಅದಕ್ಕಿಂತ ಚೆನ್ನಾದ ಎಣ್ಣೆಗಳು ಅಂಗಡಿಯಲ್ಲೇ ಇವೆ. ಅದನ್ನು ಒಂದು ಸಲ ಚಿಮುಕಿಸಿ ಹತ್ತು ನಿಮಿಷದಲ್ಲಿ ಪವಾಡ ಕಾಯುವುದು ಬೇಡ.

ಎಣ್ಣೆಗೆ ಬಗ್ಗದಿದ್ದರೆ ಕಾವು. ಉಕ್ಕಿನ ನಟ್ಟನ್ನು ಮಾತ್ರ ಬೋಲ್ಟಿಗಿಂತ 200 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ 8 ಮಿಲಿಮೀಟರ್ ಬಾಯಿ ಸುಮಾರು ನೂರರಲ್ಲಿ ಎರಡು ಮಿಲಿಮೀಟರ್ ಹಿಗ್ಗುತ್ತದೆ. ಕೇಳಲು ಅಲ್ಪ, ಆದರೆ ತುಕ್ಕಿನ ಹಿಡಿತ ಒಡೆಯಲು ಸಾಕು. ಅದಕ್ಕೇ ಸಣ್ಣ ಮೊನೆಯ ಜ್ವಾಲೆ ನಟ್ಟಿನ ಮೇಲೆ ಬೇಗ ಬಿದ್ದು ಬೇಗ ಎದ್ದುಬರಬೇಕು. ಸುತ್ತಲೂ ಕಾಯಿಸಿದರೆ ಬೋಲ್ಟೂ ಜೊತೆಗೇ ಹಿಗ್ಗಿ ಲಾಭವಿಲ್ಲ. ಬಿಸಿ ನಟ್ಟಿನ ಬಾಯಿಗೆ ಮೇಣದಬತ್ತಿ ಮುಟ್ಟಿಸಿದರೆ ಕರಗಿದ ಮೇಣವನ್ನು ಥ್ರೆಡ್ಡೇ ಒಳಗೆಳೆದುಕೊಳ್ಳುತ್ತದೆ. ಆರುವ ಮುನ್ನ ಸ್ಪ್ಯಾನರ್ ಹಾಕಿದರೆ ಬೆಣ್ಣೆಯಂತೆ ಬಿಟ್ಟುಬರುವ ನಟ್ಟುಗಳಿವೆ. ಆದರೆ ಇದಕ್ಕೆ ಮೊದಲು ಟ್ಯಾಂಕ್ ಇಳಿಸಬೇಕು, ಕಾರ್ಬುರೇಟರ್ ತೆಗೆಯಬೇಕು, ಬ್ಯಾಟರಿ ಕಳಚಬೇಕು, ಎಣ್ಣೆ ಒರೆಸಿ ಬಕೆಟ್ಟಿನಲ್ಲಿ ಮರಳು ಇಟ್ಟುಕೊಳ್ಳಬೇಕು. ಈ ತಯಾರಿಗೇ ಅರ್ಧ ದಿನ ಹೋಗುತ್ತದೆ. "ಸುಮ್ಮನೆ ಗ್ಯಾಸ್ ಹೊಡೆದು ತೆಗೆದುಬಿಡಿ" ಎನ್ನುವ ಒಡೆಯರು ಟ್ಯಾಂಕಿನಲ್ಲಿ ಪೆಟ್ರೋಲಿರುವುದನ್ನು ನೆನಪಿಟ್ಟುಕೊಳ್ಳಬೇಕು.

ಚೇತಕ್‌ನ ಕಷ್ಟ ಜಾಗದ್ದು. ಎಂಜಿನ್ ಬಲಗಡೆಯ ಡೋಮಿನೊಳಗೆ ಅಡಗಿ ಕೂತಿದೆ. ಸೈಲೆನ್ಸರ್ ಹಿಡಿದಿರುವುದು ಸಿಲಿಂಡರಿನ ಮೂತಿಯ ಬಳಿ ಒಂದು ಕ್ಲ್ಯಾಂಪು, ಎಂಜಿನ್ನಿನ ಅಡಿಯಲ್ಲಿ ಒಂದು ಬೋಲ್ಟು. ಅಡಿಯ ಬೋಲ್ಟಿಗೆ ಮಳೆನೀರು, ರಸ್ತೆಯ ಕೆಸರು ನೇರ ಎರಚುತ್ತದೆ. ಕ್ಲ್ಯಾಂಪಿನ ನಟ್ಟಿಗೆ ಸ್ಪ್ಯಾನರ್ ತಿರುಗಿಸಲು ಸಿಗುವ ಜಾಗ ಬೆರಳಗಲ. ಗಾಡಿಯನ್ನು ಮಲಗಿಸಿ, ಸ್ಪ್ಯಾನರನ್ನು ಒಂದಿಷ್ಟು ತಿರುಗಿಸಿ, ತೆಗೆದು, ಮಗುಚಿ, ಮತ್ತೆ ಸಿಕ್ಕಿಸಿ, ಹೀಗೆ ಬಿಚ್ಚುತ್ತಾರೆ. ಸೈಲೆನ್ಸರ್ ಸುಟ್ಟು ಕಾರ್ಬನ್ ತೆಗೆಯುವ ಕೆಲಸ ಅದರ ಮುಂದೆ ಸಲೀಸು.

ಕಾರುಗಳಲ್ಲಿ ಇದೇ ಕಷ್ಟ ಎಗ್ಸಾಸ್ಟ್ ಮ್ಯಾನಿಫೋಲ್ಡಿಗೆ ಬರುತ್ತದೆ. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರಿಗೆ ಬಹುಕಾಲ ಹಾಕುತ್ತಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ, ಹೊಗೆ ಹೊರಬರುವ ಎರಡೂ ಮ್ಯಾನಿಫೋಲ್ಡುಗಳು ಒಂದೇ ಬದಿಗಿವೆ. ಮೇಲೆ ಕಾರ್ಬುರೇಟರ್, ಅದರ ಕೆಳಗೆ ಕಾದ ಕೊಳವೆ, ಅದರ ಬುಡದಲ್ಲಿ ಪೈಪಿನ ನಟ್ಟುಗಳು. ಎಂಜಿನ್ನಿನ ಹಿಂಬದಿಯ ತಗಡಿಗೆ ಹತ್ತಿರವಿರುವ ನಟ್ಟು ಕಣ್ಣಿಗೇ ಬೀಳುವುದಿಲ್ಲ. ಬೆರಳ ತುದಿಯಲ್ಲಿ ಮೂಲೆ ಎಣಿಸಿ, ಕೈಗನ್ನಡಿ ಹಿಡಿದು, ಉದ್ದ ಎಕ್ಸ್‌ಟೆನ್ಶನ್‌ಗೆ ಯೂನಿವರ್ಸಲ್ ಜಾಯಿಂಟ್ ಹಾಕಿ ಸಾಕೆಟ್ ಕೂರಿಸಬೇಕು. ಸಾಕೆಟ್ ಪೂರ್ತಿ ಕೂತಿದೆಯೋ ಇಲ್ಲವೋ ಎಂದು ತಿಳಿಯುವುದೂ ಕೈಗೇ.

ಚಾಮರಾಜಪೇಟೆಯ ಯಾವುದೇ ಹಳೆಯ ಗ್ಯಾರೇಜಿನ ಗೋಡೆ ನೋಡಿ. ಕಾಯಿಸಿ ಬಗ್ಗಿಸಿದ ಸ್ಪ್ಯಾನರುಗಳು ಮೊಳೆಗೆ ನೇತಾಡುತ್ತಿರುತ್ತವೆ. ಒಂದರ ತಲೆ ಅರೆದು ತೆಳ್ಳಗೆ ಮಾಡಿರುತ್ತಾರೆ, ಇನ್ನೊಂದರ ಹಿಡಿ ಅರ್ಧಕ್ಕೆ ಕತ್ತರಿಸಿ ಎಸ್ ಆಕಾರಕ್ಕೆ ತಿರುಚಿರುತ್ತಾರೆ, ಮತ್ತೊಂದು ಸಾಕೆಟ್ಟಿಗೆ ಉದ್ದ ಸರಳು ಟಾಕಾ ಹಾಕಿರುತ್ತಾರೆ. ಪ್ರತಿಯೊಂದೂ ಯಾವುದೋ ಒಂದು ಗಾಡಿಯ ಯಾವುದೋ ಒಂದು ನಟ್ಟಿಗೆಂದೇ ಹುಟ್ಟಿದ್ದು. ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಹೊಸದು ಕೊಂಡರೂ, ಭಾನುವಾರದ ಸಂತೆಯಲ್ಲಿ ಹಳೆಯದು ಆರಿಸಿದರೂ ಇವು ಸಿಗುವುದಿಲ್ಲ. ಒಳ್ಳೆಯ ಸ್ಪ್ಯಾನರೊಂದನ್ನು ಕತ್ತರಿಸಿ ಒಂದೇ ನಟ್ಟಿಗೆ ಮೀಸಲಿಡುವವರ ಹತ್ತಿರ ಕೂಲಿಗೆ ಚೌಕಾಸಿ ಮಾಡುವ ಮುನ್ನ ಒಮ್ಮೆ ಆ ಗೋಡೆಯ ಮುಂದೆ ನಿಲ್ಲಬೇಕು.

ಅಳತೆಯ ತಪ್ಪು ಇನ್ನೊಂದು ಪಿಡುಗು. ಜಾವಾ ಮಿಲಿಮೀಟರ್ ಗಾಡಿ, ಫಿಯಟ್ ಕೂಡ. ಅಂಬಾಸಿಡರ್ ಇಂಚಿನ ಗಾಡಿ. ಅದರ ಅರ್ಧ ಇಂಚಿನ ನಟ್ಟು ನಿಜಕ್ಕೂ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಹಾಕಿದರೆ ಕೂರುತ್ತದೆ, ಸಡಿಲ ನಟ್ಟಾದರೆ ಬಿಚ್ಚಲೂಬಹುದು. ಜಾಮಾದ ನಟ್ಟಿನಲ್ಲಿ ಆ 0.3 ಮಿಲಿಮೀಟರ್ ಸಂದೇ ಮೂಲೆ ಸವೆಸಿ ನಟ್ಟನ್ನು ಗುಂಡಗಾಗಿಸುತ್ತದೆ. ದಂಡಿನ ಕಾಲದ ಬಿಎಸ್‌ಎ, ನಾರ್ಟನ್ ಇಟ್ಟುಕೊಂಡವರಿಗೆ ಇನ್ನೂ ಸಿಕ್ಕು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಹಾಕಿಕೊಟ್ಟ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ನಟ್ಟಿನ ಅಗಲವಲ್ಲ. ಕಾಲು ಇಂಚಿನ ವಿಟ್‌ವರ್ತ್ ನಟ್ಟಿನ ಅಗಲ 13.3 ಮಿಲಿಮೀಟರ್. 13 ಹೋಗುವುದಿಲ್ಲ, 14 ಜಾರುತ್ತದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರಿಗಿಂತ ಆರು ಮೂಲೆಯ ಸಾಕೆಟ್ ಇಲ್ಲಿ ಎಷ್ಟೋ ಮೇಲು. ಅದು ಮೂಲೆಯನ್ನು ಬಿಟ್ಟು ಮಗ್ಗುಲನ್ನು ಹಿಡಿಯುತ್ತದೆ.

ಎಲ್ಲ ಮಾಡಿಯೂ ಬರದ ನಟ್ಟುಗಳಿರುತ್ತವೆ. ಆಗ ಯಾವುದನ್ನು ಬಲಿ ಕೊಡಬೇಕು ಎಂಬ ತೀರ್ಮಾನ ಬೇಕು. ನಟ್ಟು ಅಗ್ಗ, ಸ್ಟಡ್ಡು ಅದಕ್ಕಿಂತ ದುಬಾರಿ, ಎರಕದ ಹೆಡ್ಡಿಗೆ ಬೆಲೆಯೇ ಕಟ್ಟಲಾಗದು. ಹಾಗಾಗಿ ನಟ್ಟನ್ನು ಸ್ಪ್ಲಿಟ್ಟರಿನಲ್ಲೋ ಚೂಪು ಚಾಣದಲ್ಲೋ ಸೀಳಿ ತೆಗೆಯುವುದು ಸೋಲಲ್ಲ, ಸ್ಟಡ್ಡು ಉಳಿಯಿತಲ್ಲ! ಸ್ಟಡ್ಡು ಮುರಿದೇ ಹೋದರೆ ಉಳಿದ ಮೋಟಿನ ಮೇಲೆ ಹೊಸ ನಟ್ಟಿಟ್ಟು ಒಳಗಿನಿಂದ ವೆಲ್ಡ್ ಮಾಡುತ್ತಾರೆ. ವೆಲ್ಡಿಂಗಿನ ಕಾವೇ ತುಕ್ಕನ್ನು ಬಿಡಿಸುತ್ತದೆ, ಹಿಡಿಯಲು ನಟ್ಟೂ ಸಿಗುತ್ತದೆ. ಮೋಟು ಒಳಗೇ ಮುರಿದಿದ್ದರೆ ನಡುಮಧ್ಯ ಪಂಚ್ ಹಾಕಿ ಡ್ರಿಲ್ ಮಾಡಬೇಕು. ಇಲ್ಲಿ ಈಜಿ ಔಟ್ ಎಂಬ ಸಾಧನ ಎಲ್ಲರನ್ನೂ ಕರೆಯುತ್ತದೆ. ಅದು ತುಂಬ ಗಡಸು ಉಕ್ಕಿನದು. ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯಲಾರದು, ಹೆಡ್ಡನ್ನು ಸ್ಪಾರ್ಕ್ ಇರೋಷನ್ ಮಾಡುವವರನ್ನು ಹುಡುಕಿಕೊಂಡು ಪೀಣ್ಯಕ್ಕೆ ಒಯ್ಯಬೇಕಾಗುತ್ತದೆ. ಥ್ರೆಡ್ಡು ಹೋದ ಅಲ್ಯೂಮಿನಿಯಂ ಹೆಡ್ಡಿಗೆ ಹೆಲಿಕಾಯಿಲ್ ಎಂಬ ತಂತಿಸುರುಳಿಯ ಥ್ರೆಡ್ಡು ಅಥವಾ ಲೇತಿನಲ್ಲಿ ಮಾಡಿಸಿದ ಬುಶ್. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತುಗಳು ಈ ಬಗೆಯ ಸಣ್ಣ ಕೆಲಸಗಳಿಗೇ ಎಷ್ಟೋ ವರ್ಕ್‌ಶಾಪುಗಳಲ್ಲಿ ದಶಕಗಟ್ಟಲೆ ತಿರುಗಿವೆ. ಮ್ಯಾನಿಫೋಲ್ಡ್ ಕಳಚಿದಾಗ ಇನ್ನೊಂದು ಎಚ್ಚರ ಬೇಕು: ಅದರ ಹಳೆಯ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದನ್ನು ಒಣದಾಗಿ ಕೆರೆಯದೆ ಒದ್ದೆ ಮಾಡಿ ತೆಗೆಸಿ, ಮೂಗು ಮುಚ್ಚಿಕೊಳ್ಳಲು ಹೇಳಿ.

ಮುರಿಯದಂತೆ ಕಾಯುವುದಕ್ಕೆ ಈಗ ಕಾನೂನಿನ ಕಾರಣವೂ ಸೇರಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ ವಿಂಟೇಜ್ ಮಾನ್ಯತೆ ಸಿಗುತ್ತದೆ, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಷರತ್ತೇನೆಂದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳನ್ನು ಮಾರ್ಪಡಿಸಿರಬಾರದು. 1970ರ ದಶಕದ ಆರಂಭದ ಜಾವಾಗಳು ಈ ಗೆರೆ ದಾಟಿವೆ, ಮೊದಲ ಯೆಜ್ಡಿಗಳೂ ದಾಟುತ್ತಿವೆ. ಹುಟ್ಟಿದಾಗಿನ ಎಂಜಿನ್ನು ಹುಟ್ಟಿದಾಗಿನಂತೆಯೇ ಉಳಿಯುವುದು ಇಂಥ ನಟ್ಟುಗಳನ್ನು ಹೇಗೆ ಬಿಚ್ಚುತ್ತಾರೆ ಎಂಬುದರ ಮೇಲೂ ನಿಂತಿದೆ.

ಈಗ ಹಣದ ಮಾತು. ಹೊಸ ಪಾರ್ಟ್ ಹಾಕಿದರೆ ಬಿಲ್ಲಿನಲ್ಲಿ ಒಂದು ಸಾಲು ಬರುತ್ತದೆ, ಒಡೆಯರು ಪ್ರಶ್ನೆಯಿಲ್ಲದೆ ಕೊಡುತ್ತಾರೆ. ಸ್ಟಡ್ಡು ಮುರಿದು, ಹೆಡ್ಡಿನ ಥ್ರೆಡ್ಡು ಹೋಗಿ ಹೆಲಿಕಾಯಿಲ್ ಹಾಕಿಸಿದರೂ ಕೊಡುತ್ತಾರೆ. ಆದರೆ ಮೂರು ದಿನ ಎಣ್ಣೆ ಬಿಟ್ಟು, ಐದು ಸಲ ಕಾಯಿಸಿ, ಅಂಗೈ ತರಚಿಕೊಂಡು ಸ್ಟಡ್ಡನ್ನು ಮುರಿಯದೆ ಬಿಚ್ಚಿಕೊಟ್ಟರೆ ಆ ಕೆಲಸಕ್ಕೆ ಬಿಲ್ಲಿನಲ್ಲಿ ಸಾಲೇ ಇಲ್ಲ. "ಏನೂ ಹಾಕಿಲ್ಲವಲ್ಲ, ಯಾಕಿಷ್ಟು?" ಎನ್ನುತ್ತಾರೆ. ಮುರಿದವರಿಗೆ ಹಣ, ಉಳಿಸಿದವರಿಗೆ ಚೌಕಾಸಿ. ಇದು ಅನ್ಯಾಯ. ಈ ಅನ್ಯಾಯವನ್ನು ಸರಿಪಡಿಸುವುದು ಮೆಕ್ಯಾನಿಕ್ ಕೈಯಲ್ಲಿಲ್ಲ, ಒಡೆಯರ ಕೈಯಲ್ಲಿದೆ. ತಾಳ್ಮೆಗೆ ದುಡ್ಡು ಹುಟ್ಟದ ಗ್ಯಾರೇಜಿನಲ್ಲಿ ಕಲಿಯುವ ಹುಡುಗ ಮೊದಲು ಕಲಿಯುವುದು ಪೈಪು ಸಿಕ್ಕಿಸಿ ಎಳೆಯುವುದನ್ನೇ.

ಹಾಗಾಗಿ ತಮ್ಮಲ್ಲಿ ಕೋರಿಕೆ ಇಷ್ಟು. ಗಾಡಿಯನ್ನು ಹಬ್ಬಕ್ಕೆ ಎರಡು ದಿನ ಇರುವಾಗ ತರಬೇಡಿ, ಶ್ರಾವಣದಲ್ಲೇ ತನ್ನಿ. ನಟ್ಟು ಬಿಚ್ಚುವ ಕೂಲಿಯನ್ನು ಗಂಟೆ ಲೆಕ್ಕದಲ್ಲಿ ಮೊದಲೇ ಮಾತಾಡಿಕೊಳ್ಳಿ, ನಟ್ಟು ಹಾಗೇ ಬಂದರೂ ಅಷ್ಟನ್ನೂ ಕೊಡಿ. ನಡುವೆ ಫೋನ್ ಮಾಡಿ "ಆಯ್ತಾ?" ಎಂದು ಕೇಳಬೇಡಿ. ಮತ್ತೆ ಜೋಡಿಸುವಾಗ ಎಗ್ಸಾಸ್ಟಿನ ಸ್ಟಡ್ಡುಗಳಿಗೆ ಉಕ್ಕಿನ ಬದಲು ಹಿತ್ತಾಳೆ ನಟ್ಟು ಹಾಕಿಸಿ, ಅದು ಸ್ಟಡ್ಡಿನ ಜೊತೆ ತುಕ್ಕಾಗಿ ಬೆಸೆಯುವುದಿಲ್ಲ. ಥ್ರೆಡ್ಡಿಗೆ ತಾಮ್ರದ ಆಂಟಿ ಸೀಜ್ ಪೇಸ್ಟ್ ತೆಳುವಾಗಿ ಹಚ್ಚಿಸಿ, ಹಚ್ಚಿದ ಮೇಲೆ ಮೊದಲಿಗಿಂತ ತುಸು ಕಡಿಮೆ ಬಿಗಿಯಲು ಹೇಳಿ, ಏಕೆಂದರೆ ಜಾರುವ ಥ್ರೆಡ್ಡಿನಲ್ಲಿ ಅದೇ ಬಲಕ್ಕೆ ಸ್ಟಡ್ಡು ಹೆಚ್ಚು ಎಳೆತಕ್ಕೆ ಸಿಕ್ಕುತ್ತದೆ. ಒಂದು ಸಿ ಸ್ಪ್ಯಾನರ್ ಕೊಂಡು ಗಾಡಿಯ ಟೂಲ್ ಬಾಕ್ಸಿನಲ್ಲಿಡಿ.

ಇನ್ನೊಂದು ಹಾಳೆ ಆರ್.ಸಿ. ಪುಸ್ತಕದ ಜೊತೆಗಿರಲಿ. ಯಾವ ನಟ್ಟನ್ನು ಯಾವ ತಿಂಗಳು ಬಿಚ್ಚಿದ್ದು, ಏನು ಹಚ್ಚಿದ್ದು, ಯಾವ ಸ್ಟಡ್ಡು ಬದಲಾಗಿದೆ, ಅದರ ಥ್ರೆಡ್ಡು ಇಂಚಿನದೋ ಮಿಲಿಮೀಟರಿನದೋ, ಎಲ್ಲಿ ಬುಶ್ ಕೂತಿದೆ, ಇಷ್ಟನ್ನು ಅದರಲ್ಲಿ ಬರೆಸಿಡಿ. ಗಾಡಿ ಮಾರಿದ ದಿನ ಕೀಲಿಯ ಜೊತೆ ಆ ಹಾಳೆಯನ್ನೂ ಕೊಟ್ಟುಬಿಡಿ.

ಇಂತಿ,
ಹಳೆಯ ಗಾಡಿಗಳ ಹಿತೈಷಿ